ವಾಕಿ-ಟಾಕಿ ಕೊಳ್ಳೋ ಮುಂಚೆ ಇದನ್ನ ಕೇಳಿ: ಹ್ಯಾಮ್ ರೇಡಿಯೊ ಅಂದ್ರೇನು, ಲೈಸೆನ್ಸ್ ಯಾಕೆ ಬೇಕು?

ಇದು ಈ ವಾರದ ಎಪಿಸೋಡ್‌ನ ಬರಹ ರೂಪ. ಮೆಟ್ರೊದಲ್ಲೋ ಬಸ್ಸಲ್ಲೋ ಕೂತು ಇಯರ್‌ಫೋನ್ ಮನೇಲಿ ಬಿಟ್ಟು ಬಂದಿದ್ದೀನಿ ಅಂತ ನೆನಪಾದವರು ಇಲ್ಲೇ ಓದಬಹುದು.

ಟ್ರೆಕ್ಕಿಂಗ್ ಸೀಸನ್ ಶುರುವಾದ್ರೆ ಸಾಕು, ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತೆ. "ಕುಮಾರ ಪರ್ವತಕ್ಕೆ ಹೋಗ್ತಿದ್ದೀವಿ, ಅಲ್ಲಿ ನೆಟ್‌ವರ್ಕ್ ಇರಲ್ಲ. ಆನ್‌ಲೈನ್‌ನಲ್ಲಿ ಒಂದು ಜೊತೆ ವಾಕಿ-ಟಾಕಿ ನೋಡಿದೀನಿ, ರೇಂಜ್ 10 ಕಿಲೋಮೀಟರ್ ಅಂತ ಬರೆದಿದೆ. ತಗೊಳ್ಳಲಾ?" ಕೇಳೋರು ಕಾಲೇಜು ಹುಡುಗರು, ಬೈಕ್ ರೈಡಿಗೆ ಹೋಗೋ ಗ್ಯಾಂಗು, ಒಮ್ಮೊಮ್ಮೆ ಸಕಲೇಶಪುರದ ಕಡೆ ಹೋಮ್‌ಸ್ಟೇ ನಡೆಸೋರು. ನನ್ನನ್ನೇ ಯಾಕೆ ಕೇಳ್ತಾರೆ ಅಂದ್ರೆ ನಾನೊಬ್ಬ ಹ್ಯಾಮ್. ಅಂದ್ರೆ ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ತಗೊಂಡು, ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡೋ ಮನುಷ್ಯ. ಕೈಲಿ ಹಿಡಿಯೋ ಸೆಟ್ಟು, ಮನೆ ಮೇಲೊಂದು ಆಂಟೆನಾ, ವಿಯು3 ಅಂತ ಶುರುವಾಗೋ ಒಂದು ಕರೆಗುರುತು. ನನ್ನ ಆಸ್ತಿ ಇಷ್ಟೇ.

"ತಗೊಳ್ಳಲಾ?" ಅನ್ನೋದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಅದರೊಳಗೆ ಎರಡು ವಿಷಯ ಇದೆ. ಒಂದು ಕಾನೂನು, ಇನ್ನೊಂದು ಭೌತಶಾಸ್ತ್ರ. ಕಾನೂನು ಮುರಿದ್ರೆ ಸಿಕ್ಕಿಹಾಕಿಕೊಳ್ಳಬಹುದು, ಸಿಕ್ಕಿಹಾಕಿಕೊಳ್ಳದೇನೂ ಇರಬಹುದು. ಭೌತಶಾಸ್ತ್ರ ಹಾಗಲ್ಲ, ಅದು ಯಾರನ್ನೂ ಬಿಡಲ್ಲ. ಕಾನೂನು ಬೇಗ ಮುಗಿಯುತ್ತೆ, ಅದನ್ನೇ ಮೊದಲು ನೋಡೋಣ.

ಹಳ್ಳಿ ಕಡೆಯವರಿಗೆ ನೀರುಗಂಟಿ ಗೊತ್ತಿರ್ತಾರೆ. ಕೆರೆಯ ತೂಬು ಎತ್ತಿ, ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ಸರದಿ ನೋಡಿ ಬಿಡೋರು. ನೀರು ಎಲ್ಲರದ್ದು, ಆದ್ರೆ ಎಲ್ಲರೂ ಒಟ್ಟಿಗೇ ಕಾಲುವೆಗೆ ಇಳಿದ್ರೆ ಯಾರ ಗದ್ದೆಗೂ ನೀರು ಸಿಗಲ್ಲ. ರೇಡಿಯೊ ತರಂಗಗಳ ಕಥೆನೂ ಅದೇ. ನಮ್ಮ ದೇಶದಲ್ಲಿ ಈ ನೀರುಗಂಟಿ ಕೆಲಸ ಮಾಡೋದು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗ, ಚಿಕ್ಕದಾಗಿ ಡಬ್ಲ್ಯುಪಿಸಿ. ಯಾವ ಫ್ರೀಕ್ವೆನ್ಸಿ ಪೊಲೀಸರಿಗೆ, ಯಾವುದು ವಿಮಾನಗಳಿಗೆ, ಯಾವುದು ಮೊಬೈಲ್ ಕಂಪನಿಗೆ, ಯಾವುದು ನಮ್ಮಂಥ ಹವ್ಯಾಸಿಗಳಿಗೆ ಅಂತ ಹಂಚೋದು ಅವರು.

ನೀವು ಅಂಗಡೀಲಿ ನೋಡೋ ಕೈ ರೇಡಿಯೊಗಳು ಹೊರಗಡೆಯಿಂದ ಎಲ್ಲಾ ಒಂದೇ ಥರ ಕಾಣುತ್ವೆ. ಕಪ್ಪು ಡಬ್ಬ, ಮೇಲೊಂದು ರಬ್ಬರ್ ಆಂಟೆನಾ, ಪಕ್ಕದಲ್ಲಿ ಒತ್ತೋಕೊಂದು ಗುಂಡಿ. ಒಳಗಡೆ ಮಾತ್ರ ಬೇರೆ ಬೇರೆ ಜಾತಿ. 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಮಾತ್ರ, ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡೋ ಸೆಟ್ಟುಗಳಿಗೆ 2018ರಿಂದ ಬಳಕೆದಾರರ ಲೈಸೆನ್ಸ್ ಬೇಕಿಲ್ಲ. ಆದ್ರೂ ಆ ಮಾಡೆಲ್‌ಗೆ ಇಟಿಎ ಅನ್ನೋ ಅನುಮೋದನೆ ಇರಲೇಬೇಕು. ಎರಡನೇ ಜಾತಿ ಹ್ಯಾಮ್ ಸೆಟ್ಟು, ಅದಕ್ಕೆ ಲೈಸೆನ್ಸ್ ನಿಮ್ಮ ಹೆಸರಲ್ಲಿ ಬೇಕು. ಮೂರನೇದು ಸೆಕ್ಯುರಿಟಿ ಕಂಪನಿ, ಕಾರ್ಖಾನೆ, ಪೊಲೀಸ್ ಇವರದ್ದು. ಅಲ್ಲಿ ಫ್ರೀಕ್ವೆನ್ಸಿ ಸಂಸ್ಥೆಗೆ ಹಂಚಿಕೆಯಾಗಿರುತ್ತೆ.

ಗೊಂದಲ ಆಗೋದು ಎಲ್ಲಿ ಅಂದ್ರೆ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗೋ ಬಾವೋಫೆಂಗ್ ಯುವಿ-5ಆರ್ ಥರದ ಸೆಟ್ಟುಗಳಲ್ಲಿ. ಅವು 136ರಿಂದ 174, ಆಮೇಲೆ 400ರಿಂದ 520 ಮೆಗಾಹರ್ಟ್ಸ್‌ವರೆಗೆ ಎಲ್ಲೆಂದರಲ್ಲಿ ಪ್ರಸಾರ ಮಾಡಬಲ್ಲವು. ಅದರಲ್ಲಿ ಹವ್ಯಾಸಿಗಳಿಗೆ ಇರೋದು 144ರಿಂದ 146, ಮತ್ತೆ 434ರಿಂದ 438, ಅಷ್ಟೇ. ಉಳಿದದ್ದರಲ್ಲಿ ಪೊಲೀಸು, ಹಡಗು, ಖಾಸಗಿ ಸಂಸ್ಥೆಗಳು ಹೀಗೆ ಬೇರೆಯವರ ಕೆಲಸ ನಡೀತಿರುತ್ತೆ. ಡಬ್ಬ ತೆಗೆದು, ಸ್ಕ್ಯಾನ್ ಒತ್ತಿ, ಯಾವುದೋ ಖಾಲಿ ಕಂಡ ಚಾನೆಲ್‌ನಲ್ಲಿ "ಮಚ್ಚಾ, ಎಲ್ಲಿದೀಯಾ?" ಅಂತ ಕೂಗೋ ಹುಡುಗನಿಗೆ ತಾನು ಯಾರ ಗದ್ದೆಯ ಕಾಲುವೆಗೆ ಕಲ್ಲು ಹಾಕ್ತಿದ್ದೀನಿ ಅಂತ ಗೊತ್ತೇ ಇರಲ್ಲ. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದೇ ವಿಷಯಕ್ಕೆ ಇ-ಕಾಮರ್ಸ್ ತಾಣಗಳಿಗೆ ನೋಟಿಸ್ ಕೊಟ್ಟು, ಆಮೇಲೆ ಮಾರ್ಗಸೂಚಿಯನ್ನೂ ಹೊರಡಿಸ್ತು: ಸೆಟ್ಟಿನ ಫ್ರೀಕ್ವೆನ್ಸಿ ಯಾವುದು, ಲೈಸೆನ್ಸ್ ಬೇಕೋ ಬೇಡ್ವೋ, ಇಟಿಎ ಇದೆಯೋ ಇಲ್ವೋ ಅಂತ ಮಾರೋರು ಹೇಳ್ಬೇಕು. ಹಾಗಾಗಿ ಕೊಳ್ಳೋ ಮುಂಚೆ ಆ ಪುಟದಲ್ಲಿ '446' ಅನ್ನೋ ಅಂಕಿ ಹುಡುಕಿ. ಇಲ್ಲ ಅಂದ್ರೆ ಆ ಪುಟ ಮುಚ್ಚಿ.

ಒಂದು ಚಿಕ್ಕ ಪಕ್ಕದ ಮಾತು. ವಿದೇಶಿ ಯೂಟ್ಯೂಬ್ ನೋಡಿ ಸ್ಯಾಟಲೈಟ್ ಮೆಸೆಂಜರ್ ತರಿಸೋ ಯೋಚನೆ ಇರೋರು ಅದನ್ನ ಇಲ್ಲಿಗೇ ಕೈಬಿಡಿ. ಅನುಮತಿ ಇಲ್ಲದೆ ಅಂಥ ಸಾಧನ ಇಟ್ಟುಕೊಂಡು ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ಪ್ರವಾಸಿಗರಿದ್ದಾರೆ.

ಈಗ ಭೌತಶಾಸ್ತ್ರ. ನನಗೆ ಇಷ್ಟವಾದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ಕೂರ್ತೀನಿ, ಸಹಿಸಿಕೊಳ್ಳಿ.

ಈ ಕೈ ರೇಡಿಯೊಗಳ ತರಂಗ ಹೆಚ್ಚುಕಡಿಮೆ ನೇರವಾಗಿ ಹೋಗುತ್ತೆ, ಟಾರ್ಚ್ ಬೆಳಕಿನ ಥರ. ಭೂಮಿ ದುಂಡಗಿದೆ, ಹಾಗಾಗಿ ಒಂದು ದೂರ ಆದ್ಮೇಲೆ ನೆಲವೇ ಅಡ್ಡ ಬರುತ್ತೆ. ಎಷ್ಟು ದೂರ ಅಂತ ಲೆಕ್ಕ ಹಾಕೋಕೆ ಒಂದು ಸುಲಭ ಸೂತ್ರ ಇದೆ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೀರಿ, 4.12ರಿಂದ ಗುಣಿಸಿ. ಬಂದದ್ದು ಕಿಲೋಮೀಟರ್‌ನಲ್ಲಿ ರೇಡಿಯೊ ದಿಗಂತ. ನಿಂತ ಮನುಷ್ಯನ ಕೈಲಿರೋ ಸೆಟ್ಟು ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತೆ. ಲೆಕ್ಕ ಹಾಕಿದ್ರೆ 5 ಕಿಲೋಮೀಟರ್. ಎದುರಿನವನದ್ದೂ 5. ಎರಡೂ ಸೇರಿ 10. ಜಾಹೀರಾತಿನ '10 ಕಿಲೋಮೀಟರ್'ಗೆ ಹತ್ತಿರ ಬಂತಲ್ವಾ? ಅದು ನಿಜವಾಗಬೇಕಾದ್ರೆ ನೀವಿಬ್ಬರೂ ಒಂದು ಮರ, ಒಂದು ಮನೆ ಇಲ್ಲದ ಬಯಲಲ್ಲಿ ನಿಂತಿರಬೇಕು. ಒಣಗಿದ ದೊಡ್ಡ ಕೆರೆ ಅಂಗಳ ಸಿಕ್ಕಿದ್ರೆ ಪ್ರಯತ್ನ ಮಾಡಿ.

ಮಲೆನಾಡಿಗೆ ಬಂದ್ರೆ ಈ ಲೆಕ್ಕ ಉಲ್ಟಾ ಹೊಡೆಯುತ್ತೆ. ಮಳೆಯಲ್ಲಿ ನೆಂದ ಎಲೆಗಳು ತರಂಗವನ್ನ ಹೀರ್ತವೆ. ಅದಕ್ಕಿಂತ ದೊಡ್ಡದು ಬೆಟ್ಟದ ಏಣು. ನೀವು ಏಣಿನ ಈ ಕಡೆ, ಗೆಳೆಯ ಆ ಕಡೆ ಇಳಿದ್ರೆ ನಡುವಿನ ದೂರ 800 ಮೀಟರ್ ಇದ್ರೂ ಸಂಪರ್ಕ ಶೂನ್ಯ ಆಗಬಹುದು. ಶಕ್ತಿ ಜಾಸ್ತಿ ಮಾಡಿದ್ರೆ? 5 ವ್ಯಾಟ್ ಸೆಟ್ಟಿನ ಬದಲು 10 ವ್ಯಾಟ್ ಹಿಡಿದ್ರೆ ಸಿಗ್ನಲ್ ಏರೋದು 3 ಡೆಸಿಬೆಲ್. ರೇಡಿಯೊ ಮೀಟರ್‌ನಲ್ಲಿ ಅದು ಅರ್ಧ ಗೆರೆ. ಕಲ್ಲುಬೆಟ್ಟಕ್ಕೆ ಅದೆಲ್ಲ ಲೆಕ್ಕಕ್ಕೇ ಇಲ್ಲ.

ಎತ್ತರ ಮಾತ್ರ ಲೆಕ್ಕಕ್ಕಿದೆ. ನಂದಿ ಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಸುತ್ತಲ ಬಯಲಿಗಿಂತ ಸುಮಾರು 550 ಮೀಟರ್ ಮೇಲೆ ಅಂತ ಇಟ್ಟುಕೊಳ್ಳಿ. ಅದೇ ಸೂತ್ರ ಹಾಕಿದ್ರೆ ದಿಗಂತ 97 ಕಿಲೋಮೀಟರ್ ಹತ್ತಿರ ಹೋಗುತ್ತೆ. ಅದೇ 5 ವ್ಯಾಟ್, ಅದೇ ರಬ್ಬರ್ ಆಂಟೆನಾ. ಹ್ಯಾಮ್‌ಗಳು ಗುಡ್ಡ ಕಂಡ್ರೆ ಯಾಕೆ ಹುಚ್ಚರಾಗ್ತಾರೆ ಅಂತ ಈಗ ಅರ್ಥ ಆಗಿರಬೇಕು. ಬೇರೆಯವರು ಮೇಲೆ ಹೋಗಿ ಸೂರ್ಯೋದಯದ ಫೋಟೊ ತೆಗೀತಾರೆ, ನಾವು ಸೂರ್ಯನ ಕಡೆ ಬೆನ್ನು ಹಾಕಿ ಆಂಟೆನಾ ಬಿಚ್ಚುತ್ತೀವಿ.

ಎಲ್ಲರೂ ಯಾವಾಗಲೂ ಬೆಟ್ಟದ ಮೇಲೆ ಕೂರೋಕಾಗಲ್ಲ. ಅದಕ್ಕೇ ರಿಪೀಟರ್. ಎತ್ತರದ ಜಾಗದಲ್ಲಿ ಒಂದು ಪೆಟ್ಟಿಗೆ ಇಡ್ತಾರೆ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ನಿಮ್ಮ ಮಾತು ಕೇಳಿಸಿಕೊಂಡು, ಅದೇ ಕ್ಷಣ 600 ಕಿಲೋಹರ್ಟ್ಸ್ ಆಚೆ ಇರೋ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಹೇಳುತ್ತೆ. ನಗರದ ಎರಡು ತುದಿಯ ಇಬ್ಬರು ಕೈಲಿರೋ ಸಣ್ಣ ಸೆಟ್ಟಲ್ಲೇ ಮಾತಾಡಬಹುದು. ಮೊಬೈಲ್ ಟವರಿಗೂ ಇದಕ್ಕೂ ಏನು ವ್ಯತ್ಯಾಸ ಅಂದ್ರೆ, ಇಲ್ಲಿ ದಾರಿ ಒಂದೇ. ಒಬ್ಬರು ಗುಂಡಿ ಒತ್ತಿ ಮಾತಾಡ್ತಿದ್ರೆ ಉಳಿದವರೆಲ್ಲ ಕೇಳಬೇಕು. ಇಬ್ಬರು ಒಟ್ಟಿಗೆ ಒತ್ತಿದ್ರೆ, ಎಫ್‌ಎಂ ರಿಸೀವರ್ ಜೋರಾಗಿರೋ ಸಿಗ್ನಲ್ಲನ್ನ ಹಿಡಿದು ಇನ್ನೊಂದನ್ನ ನುಂಗಿಬಿಡುತ್ತೆ. ಸಹಾಯ ಕೇಳ್ತಿರೋನ ಬ್ಯಾಟರಿ ಕಡಿಮೆ ಇದೆ, ಹಳ್ಳದಲ್ಲಿ ನಿಂತಿದ್ದಾನೆ ಅಂದ್ಕೊಳ್ಳಿ. ರಿಪೀಟರ್‌ಗೆ ಹತ್ತಿರ ಇರೋ ಯಾರೋ ಒಬ್ಬ ಸುಮ್ಮನೆ ಗುಂಡಿ ಒತ್ತಿಕೊಂಡು ಕೂತಿದ್ರೆ ಇವನ ದನಿ ಯಾರಿಗೂ ಕೇಳಲ್ಲ. ಕೇಳಲಿಲ್ಲ ಅಂತಾನೂ ಯಾರಿಗೂ ಗೊತ್ತಾಗಲ್ಲ.

ಲೈಸೆನ್ಸ್ ಯಾಕೆ ಅಂತ ಕೇಳೋರಿಗೆ ನಾನು ಕಾನೂನಿನ ಸೆಕ್ಷನ್ ಹೇಳಲ್ಲ, ಇದನ್ನೇ ಹೇಳ್ತೀನಿ. ಅದಕ್ಕೇ ಹ್ಯಾಮ್‌ಗಳಿಗೆ ಒಂದು ಅಭ್ಯಾಸ ಕಲಿಸ್ತಾರೆ: ಮೊದಲು ಕೇಳು, ಆಮೇಲೆ ಒತ್ತು. ಒಬ್ಬರ ಮಾತು ಮುಗಿದ್ಮೇಲೆ ಒಂದೆರಡು ಸೆಕೆಂಡ್ ಬಿಡು. ಆ ಎರಡು ಸೆಕೆಂಡ್ ಖಾಲಿ ಇರೋದು ತುರ್ತು ಇರೋರು ನುಸುಳಿಕೊಳ್ಳಲಿ ಅಂತ.

2024ರ ಜುಲೈ 30ರ ಬೆಳಗಿನ ಜಾವ ವಯನಾಡಿನ ಭೂಕುಸಿತ ನಿಮಗೆ ನೆನಪಿರುತ್ತೆ. ನಮ್ಮ ಕೊಡಗು, ಮೈಸೂರು ಗಡಿಗೆ ಹತ್ತಿರದ ಜಿಲ್ಲೆ. ಮುಂಡಕ್ಕೈ, ಚೂರಲ್‌ಮಲ ಕಡೆ ಸಂಪರ್ಕ ಕುಸಿದಾಗ ಹವ್ಯಾಸಿ ರೇಡಿಯೊದವರು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ನೆಲೆ ಹಾಕಿ, ಒಳಗಿನ ಜಾಗಗಳಿಂದ ಸಂದೇಶ ತರಿಸಿಕೊಟ್ರು. ಅಂಥ ಜಾಗದಲ್ಲಿ ಹೋಗೋ ಸಂದೇಶಗಳು ಸಿನಿಮಾದ ಥರ ಇರಲ್ಲ. ಎಷ್ಟು ಜನ ಎಲ್ಲಿದ್ದಾರೆ, ಯಾವ ಮದ್ದು ಬೇಕು, ಯಾವ ದಾರಿ ತೆರೆದಿದೆ ಅಂತ ಒಣ ಒಣ ವಾಕ್ಯಗಳು. ಅವನ್ನ ತಪ್ಪಿಲ್ಲದೆ ಬರಕೊಂಡು, ಓದಿ ಹೇಳಿ, ಖಚಿತ ಮಾಡಿಕೊಳ್ಳೋದೇ ಕೆಲಸ. 'ಹದಿನೈದು' ಅಂದದ್ದು 'ಐದು' ಅಂತ ಕೇಳಿಸಿಬಿಟ್ರೆ ಏನಾಗುತ್ತೆ ಯೋಚಿಸಿ. ಅದಕ್ಕೇ ಅಂಕಿಗಳನ್ನ ಬಿಡಿಬಿಡಿಯಾಗಿ ಒಂದು, ಐದು ಅಂತಾನೂ, ಅಕ್ಷರಗಳನ್ನ ಆಲ್ಫಾ, ಬ್ರಾವೊ, ಚಾರ್ಲಿ ಅಂತಾನೂ ಹೇಳೋದು. ಅದು ಸ್ಟೈಲ್‌ಗಲ್ಲ.

ಇದಕ್ಕಿಂತ ಹಳೇದೊಂದು ಘಟನೆ ಹ್ಯಾಮ್‌ಗಳ ನಡುವೆ ಈಗಲೂ ಮಾತಿಗೆ ಬರುತ್ತೆ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅನ್ನೋ ಹ್ಯಾಮ್, ಅವರ ಕರೆಗುರುತು ವಿಯು2ಆರ್‌ಬಿಐ, ತಮ್ಮ ತಂಡದ ಜೊತೆ ಅಂಡಮಾನ್‌ನ ಪೋರ್ಟ್ ಬ್ಲೇರ್‌ಗೆ ಹೋಗಿದ್ರು. ಅಂಡಮಾನ್‌ನಿಂದ ಹವ್ಯಾಸಿ ಪ್ರಸಾರಕ್ಕೆ ಅನುಮತಿ ಸಿಗೋದು ಅಪರೂಪ. ಹಾಗಾಗಿ ವಿಯು4 ಅಂತ ಶುರುವಾಗೋ ಆ ದನಿಗೆ ಪ್ರಪಂಚದ ಹ್ಯಾಮ್‌ಗಳೆಲ್ಲ ಕಿವಿ ಇಟ್ಟಿದ್ರು, ಅಪರೂಪದ ಸ್ಟ್ಯಾಂಪ್ ಸಿಗೋ ದಿನ ಪೋಸ್ಟಾಫೀಸ್ ಮುಂದೆ ಕ್ಯೂ ನಿಲ್ತಾರಲ್ಲ ಹಾಗೆ. ಡಿಸೆಂಬರ್ 26, ಭಾನುವಾರ ಬೆಳಿಗ್ಗೆ ನೆಲ ನಡುಗಿತು, ಆಮೇಲೆ ಸುನಾಮಿ. ಫೋನ್ ಲೈನ್‌ಗಳು ಹೋದ್ವು. ಆಂಟೆನಾ ಮಾತ್ರ ನಿಂತಿತ್ತು, ಕೇಳೋ ಕಿವಿಗಳಂತೂ ಮೊದಲೇ ಇದ್ವು. ಅವರು ಹವ್ಯಾಸದ ಮಾತು ನಿಲ್ಲಿಸಿ, ಅದೇ ಸೆಟ್ಟಲ್ಲಿ ತುರ್ತು ಸಂದೇಶ ಕಳಿಸೋಕೆ ಶುರುಮಾಡಿದ್ರು. ದ್ವೀಪದಲ್ಲಿರೋರು ಬದುಕಿದ್ದಾರೆ ಅನ್ನೋ ಸುದ್ದಿ ಎಷ್ಟೋ ಮನೆಗಳಿಗೆ ತಲುಪಿದ್ದು ಹಾಗೆ. ತಂಡದ ಕೆಲವರು ಕಾರ್ ನಿಕೋಬಾರ್‌ಗೂ ರೇಡಿಯೊ ಒಯ್ದರು.

ಈಗ ನೀವು ಕೇಳಬೇಕಾದ ಪ್ರಶ್ನೆ: ತರಂಗ ನೇರ ಹೋಗುತ್ತೆ, ದಿಗಂತದಾಚೆ ಹೋಗಲ್ಲ ಅಂತ ಈಗಷ್ಟೇ ಹೇಳಿದ್ರಲ್ಲ, ಪೋರ್ಟ್ ಬ್ಲೇರ್‌ನಿಂದ ಸಾವಿರಾರು ಕಿಲೋಮೀಟರ್ ಹೇಗೆ ಹೋಯ್ತು? ಅದು ಬೇರೆ ಜಾತಿಯ ತರಂಗ. 3ರಿಂದ 30 ಮೆಗಾಹರ್ಟ್ಸ್ ನಡುವಿನದ್ದನ್ನ ಎಚ್‌ಎಫ್ ಅಂತೀವಿ. ನೆಲದಿಂದ ನೂರರಿಂದ ನಾನ್ನೂರು ಕಿಲೋಮೀಟರ್ ಮೇಲೆ, ಸೂರ್ಯನ ಬಿಸಿಲಿಗೆ ವಿದ್ಯುತ್ ತುಂಬಿಕೊಂಡ ಗಾಳಿಯ ಪದರ ಇದೆ, ಅಯಾನುಗೋಳ. ಎಚ್‌ಎಫ್ ತರಂಗ ಅದಕ್ಕೆ ತಾಗಿ ಬಾಗಿ ಮತ್ತೆ ನೆಲಕ್ಕೆ ಬರುತ್ತೆ. ನೀರಿನ ಮೇಲೆ ಎಸೆದ ಚಪ್ಪಟೆ ಕಲ್ಲು ಪುಟಿಯೋ ಥರ, ಆಕಾಶಕ್ಕೂ ನೆಲಕ್ಕೂ ಪುಟೀತಾ ಖಂಡ ದಾಟುತ್ತೆ. ಇಂಟರ್ನೆಟ್ ಇಲ್ಲ, ಕೇಬಲ್ ಇಲ್ಲ, ಸ್ಯಾಟಲೈಟೂ ಇಲ್ಲ.

ನಾವು ಜಾಸ್ತಿ ಬಳಸೋದು 7 ಮೆಗಾಹರ್ಟ್ಸ್ ಆಸುಪಾಸಿನ 40 ಮೀಟರ್ ಬ್ಯಾಂಡ್. ಹಗಲಲ್ಲಿ ಕೆಳಗಿನ ಒಂದು ಪದರ ಇದನ್ನ ಹೀರೋದ್ರಿಂದ ಕೆಲವು ನೂರು ಕಿಲೋಮೀಟರ್ ಹೋಗುತ್ತೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ದೂರ ಸಾವಿರಾರು ಕಿಲೋಮೀಟರ್ ಆಗುತ್ತೆ. ಇದಕ್ಕೆ ಬೇಕಾದ ಆಂಟೆನಾ ಅಂದ್ರೆ ಎರಡು ತಂತಿ, ತಲಾ 10 ಮೀಟರ್ ಉದ್ದ. ತಾರಸಿಯಿಂದ ಎದುರಿನ ತೆಂಗಿನ ಮರಕ್ಕೆ ಕಟ್ಟಿದ್ರೆ ಮುಗೀತು. ಸ್ವಲ್ಪ ತಗ್ಗಾಗಿ ಕಟ್ಟಿದ್ರೆ ತರಂಗ ನೆಟ್ಟಗೆ ಮೇಲೆ ಹೋಗಿ ಕೊಡೆ ಬಿಚ್ಚಿದ ಹಾಗೆ ಸುತ್ತಲೂ ಇಳಿಯುತ್ತೆ. ಬೆಟ್ಟ ಅಡ್ಡ ಬರೋ ಪ್ರಶ್ನೆಯೇ ಇಲ್ಲ, ಯಾಕಂದ್ರೆ ಬರೋದು ಮೇಲಿಂದ. ಮಲೆನಾಡಿನಂಥ ಜಾಗಕ್ಕೆ ನಿಜವಾಗಿ ಒಗ್ಗೋದು ಇದು, ಸೊಂಟಕ್ಕೆ ಸಿಕ್ಕಿಸೋ ಸೆಟ್ಟಲ್ಲ. ದುಡ್ಡಿನ ಮಾತು ಬಂದ್ರೆ, ಹೊಸ ಎಚ್‌ಎಫ್ ಸೆಟ್ಟು ಒಂದು ಬೈಕಿನ ಬೆಲೆಗೆ ಹತ್ತಿರ ಹೋಗುತ್ತೆ. ಹೈದರಾಬಾದಿನ ಆಶರ್ ಫರ್ಹಾನ್ ಅನ್ನೋ ಹ್ಯಾಮ್ ಇದಕ್ಕೊಂದು ದಾರಿ ಮಾಡಿದ್ರು. ಸುಲಭವಾಗಿ ಸಿಗೋ ಬಿಡಿಭಾಗಗಳಿಂದ ಮನೇಲೇ ಬೆಸುಗೆ ಹಾಕಿ ಕಟ್ಟಬಹುದಾದ ಬಿಟೆಕ್ಸ್ ಅನ್ನೋ ವಿನ್ಯಾಸವನ್ನ ಎಲ್ಲರಿಗೂ ಮುಕ್ತವಾಗಿ ಕೊಟ್ರು. ಈಗ ಅದನ್ನ ದೇಶವಿದೇಶದ ಹ್ಯಾಮ್‌ಗಳು ಕಟ್ಟಿಕೊಂಡು ಮಾತಾಡ್ತಾರೆ.

ಸರಿ, ಲೈಸೆನ್ಸ್ ತಗೊಳ್ಳೋದು ಹೇಗೆ? 12 ವರ್ಷ ತುಂಬಿದ ಭಾರತದ ನಾಗರಿಕರು ಯಾರು ಬೇಕಾದ್ರೂ ಪರೀಕ್ಷೆ ಬರೀಬಹುದು. ಎಂಜಿನಿಯರಿಂಗ್ ಓದಿರಬೇಕಿಲ್ಲ. ಎರಡು ದರ್ಜೆ ಇದೆ: ರಿಸ್ಟ್ರಿಕ್ಟೆಡ್, ಜನರಲ್. ಎರಡರಲ್ಲೂ ಎರಡು ಭಾಗ. ಒಂದರಲ್ಲಿ ಓಮ್‌ನ ನಿಯಮ, ಕಂಡೆನ್ಸರ್, ಆಂಟೆನಾ ಥರದ ವಿಷಯ, ಅಂದ್ರೆ ಪಿಯುಸಿ ಭೌತಶಾಸ್ತ್ರಕ್ಕೆ ಸ್ವಲ್ಪ ಉಪ್ಪುಕಾರ. ಇನ್ನೊಂದರಲ್ಲಿ ನಿಯಮಗಳು. ಜನರಲ್ ಬೇಕು ಅಂದ್ರೆ ಜೊತೆಗೆ ಮೋರ್ಸ್ ಕೋಡ್, ನಿಮಿಷಕ್ಕೆ 8 ಪದದ ವೇಗದಲ್ಲಿ ಕಳಿಸೋಕೂ ಬರಬೇಕು, ಕೇಳಿ ಬರೆಯೋಕೂ ಬರಬೇಕು. ಜನರಲ್‌ನವರ ಕರೆಗುರುತು ವಿಯು2, ರಿಸ್ಟ್ರಿಕ್ಟೆಡ್‌ನವರದ್ದು ವಿಯು3 ಅಂತ ಶುರುವಾಗುತ್ತೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ವಿಯು2ಆರ್‌ಜಿ ಆಗಿದ್ರು. ಅರ್ಜಿ ಹಾಕೋದು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಶುಲ್ಕ, ಪರೀಕ್ಷೆ ದಿನಾಂಕ ಅಲ್ಲೇ ನೋಡಿ, ಯಾರದ್ದೋ ಹಳೇ ವಾಟ್ಸಾಪ್ ಫಾರ್ವರ್ಡ್ ನಂಬಬೇಡಿ. ಬೆಂಗಳೂರಲ್ಲಿ ಪರೀಕ್ಷೆ ನಡೆಯುತ್ತೆ. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಥರದ ಸಂಘಟನೆಗಳು ಊರಲ್ಲೇ ಇರೋದ್ರಿಂದ ಕಲಿಸೋರಿಗೇನೂ ಬರ ಇಲ್ಲ.

ಒಂದು ಮಾತು ಹೇಳಲೇಬೇಕು: ಪಾಸಾದ ಮಾರನೇ ದಿನ ಲೈಸೆನ್ಸ್ ಕೈಗೆ ಬರಲ್ಲ. ತಿಂಗಳುಗಟ್ಟಲೆ ಕಾದವರನ್ನ ನಾನು ಬಲ್ಲೆ. ಹೊಸಬರ ಉತ್ಸಾಹ ಆರಿಹೋಗೋದು ಪರೀಕ್ಷೆಯಿಂದಲ್ಲ, ಈ ಕಾಯೋದ್ರಿಂದ ಅಂತ ನನ್ನ ಅಭಿಪ್ರಾಯ. ಆ ಹೊತ್ತಲ್ಲಿ ಮೋರ್ಸ್ ಕಲೀರಿ. ಚುಕ್ಕೆ, ಗೆರೆ ಅಂತ ಕಣ್ಣಿಂದ ಕಲಿಯೋಕೆ ಹೋಗಬೇಡಿ, ತಬಲಾ ಬೋಲ್ ಥರ ಕಿವಿಯಿಂದ ಕಲೀರಿ. ಬೇಗ ಕೂರುತ್ತೆ.

ಲೈಸೆನ್ಸ್ ಬಂದ ಮೇಲೆ ಮೊದಲ ಸಲ ಗುಂಡಿ ಒತ್ತೋವಾಗ ಎಲ್ಲರಿಗೂ ಬಾಯಿ ಒಣಗುತ್ತೆ. ವೇದಿಕೆ ಮೇಲೆ ಮಾತಾಡೋರಿಗೂ. ಯಾಕಂದ್ರೆ ಎದುರಿಗೆ ಯಾರಿದ್ದಾರೆ ಅಂತ ಗೊತ್ತಿಲ್ಲ, ಎಷ್ಟು ಜನ ಕೇಳ್ತಿದ್ದಾರೆ ಅಂತ ಗೊತ್ತಿಲ್ಲ. "ಸಿಕ್ಯೂ, ಸಿಕ್ಯೂ" ಅಂತೀವಿ, ಅಂದ್ರೆ ಯಾರಾದ್ರೂ ಇದ್ದೀರಾ ಅಂತ. ನಾನು ಹಾಗೆ ಕರೆದ ದಿನ ಉತ್ತರ ಕೊಟ್ಟಿದ್ದು ಒಬ್ಬ ನಿವೃತ್ತ ಮೇಷ್ಟ್ರು. ನನ್ನ ಸಿಗ್ನಲ್‌ಗೆ '59' ಅಂತ ಅಂಕ ಕೊಟ್ರು, ಅಂದ್ರೆ ಸ್ಪಷ್ಟ, ಜೋರು. ಆಮೇಲೆ ತಿಂಡಿ ಆಯ್ತಾ, ನಿಮ್ಮ ಕಡೆ ಮಳೆ ಹೇಗಿದೆ ಅಂತ ಕೇಳಿದ್ರು. ಬೆಳಗ್ಗಿನ ಹೊತ್ತು 40 ಮೀಟರ್‌ನಲ್ಲಿ ಮಾತು ಹೀಗೇ ಇರುತ್ತೆ. ಕನ್ನಡ, ತಮಿಳು, ಮಲಯಾಳ ಎಲ್ಲಾ ಕೇಳಿಸುತ್ತೆ. ಮಳೆ, ಆಂಟೆನಾ, ಸಕ್ಕರೆ ಕಾಯಿಲೆ. ಇದನ್ನ ಬೋರು ಅನ್ನೋರಿದ್ದಾರೆ. ನನಗೆ ಮಾತ್ರ ದಿನಾ ಮಾತಾಡೋ ಈ ಅಭ್ಯಾಸವೇ ಆಪತ್ತಿನ ದಿನ ಕೈ ಹಿಡಿಯೋದು ಅನಿಸುತ್ತೆ. ಯಾರ ಸೆಟ್ಟು ಎಷ್ಟು ದೂರ ಕೇಳುತ್ತೆ, ಯಾರು ಎಷ್ಟು ಹೊತ್ತಿಗೆ ಬ್ಯಾಂಡಿನಲ್ಲಿ ಸಿಗ್ತಾರೆ ಅಂತ ಎಲ್ಲರಿಗೂ ಬಾಯಿಪಾಠ ಆಗಿರುತ್ತೆ. ಮಾತು ಮುಗಿಸೋವಾಗ '73' ಅಂತೀವಿ. ಟೆಲಿಗ್ರಾಫ್ ಕಾಲದಿಂದ ಬಂದದ್ದು, ಶುಭ ಹಾರೈಕೆಗಳು ಅನ್ನೋಕೆ.

ಲೈಸೆನ್ಸ್ ಇಲ್ಲದೆ ಈಗಲೇ ಇದರ ರುಚಿ ನೋಡಬೇಕು ಅನ್ನೋರಿಗೆ ನಿಮ್ಮ ಫೋನೇ ಸಾಕು. ವೆಬ್ ಎಸ್‌ಡಿಆರ್ ಅಂತ ಹುಡುಕಿ. ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು ತಮ್ಮ ಎಚ್‌ಎಫ್ ರಿಸೀವರ್‌ ಅನ್ನ ಬ್ರೌಸರ್‌ಗೆ ಜೋಡಿಸಿಟ್ಟಿದ್ದಾರೆ. ಬೆರಳಲ್ಲಿ ಜಾರಿಸ್ತಾ ಹೋದ್ರೆ ಯುರೋಪಿನ ಹ್ಯಾಮ್‌ಗಳ ಮಾತು, ಮೋರ್ಸ್ ಎಲ್ಲಾ ಕೇಳುತ್ತೆ. ನಮ್ಮ ರಾತ್ರಿ ಹೊತ್ತು ಪ್ರಯತ್ನಿಸಿ.

ಇನ್ನೊಂದು, ಬೆಂಗಳೂರಿನವರು ಎದೆ ಉಬ್ಬಿಸಬಹುದಾದ ವಿಷಯ. 2005ರ ಮೇ 5ರಂದು ಇಸ್ರೋ ಹ್ಯಾಮ್‌ಸ್ಯಾಟ್ ಅಂತ ಒಂದು ಪುಟ್ಟ ಉಪಗ್ರಹ ಹಾರಿಸ್ತು, ತೂಕ 42.5 ಕಿಲೋ. ಪೂರ್ತಿ ಹವ್ಯಾಸಿಗಳಿಗಾಗಿ. ಆಕಾಶದಲ್ಲೊಂದು ರಿಪೀಟರ್ ಅಂದ್ಕೊಳ್ಳಿ. 2014ರವರೆಗೆ ಕೆಲಸ ಮಾಡಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಹ್ಯಾಮ್ ಸೆಟ್ಟಿದೆ. 2025ರ ಜುಲೈ 4ರಂದು ಶುಭಾಂಶು ಶುಕ್ಲಾ ಅಲ್ಲಿಂದ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಶಾಲಾ ಮಕ್ಕಳ ಪ್ರಶ್ನೆಗಳಿಗೆ ಹ್ಯಾಮ್ ರೇಡಿಯೊ ಮೂಲಕ ಉತ್ತರ ಕೊಟ್ರು. ಅಂಥ ಮಾತುಕತೆಗೆ ಸಿಗೋದು ಸುಮಾರು 10 ನಿಮಿಷ. ನಿಲ್ದಾಣ ಗಂಟೆಗೆ ಹತ್ತಿರ ಹತ್ತಿರ 28,000 ಕಿಲೋಮೀಟರ್ ವೇಗದಲ್ಲಿ ಓಡ್ತಿರುತ್ತೆ, ದಿಗಂತದಲ್ಲಿ ಹುಟ್ಟಿ ದಿಗಂತದಲ್ಲಿ ಮುಳುಗೋಕೆ ಅಷ್ಟೇ ಹೊತ್ತು. ಪ್ರಶ್ನೆ ಕೇಳೋ ಮಗು ತಡವರಿಸಿದ್ರೆ ಮುಂದಿನವರ ಸರದಿ ಹೋಯ್ತು.

ಇಷ್ಟೆಲ್ಲ ಕೇಳಿ, "ಹಾಗಾದ್ರೆ ಲೈಸೆನ್ಸ್ ತಗೊಂಡು ಟ್ರೆಕ್‌ಗೆ ಒಯ್ತೀನಿ" ಅನ್ನೋರಿಗೆ ಒಂದು ತಣ್ಣೀರು. ನೀವು ಹ್ಯಾಮ್ ಆದ್ರೂ ನಿಮ್ಮ ಗೆಳೆಯ ಹ್ಯಾಮ್ ಅಲ್ಲ ಅಂದ್ರೆ ಅವನ ಕೈಗೆ ಎರಡನೇ ಸೆಟ್ಟು ಕೊಟ್ಟು ಮಾತಾಡೋ ಹಾಗಿಲ್ಲ. ಗುಂಪಿನಲ್ಲಿ ಮುಂದೆ ಹೋದವರು, ಹಿಂದೆ ಉಳಿದವರು ಕಣ್ಣಳತೆಯಲ್ಲಿ ಮಾತಾಡಿಕೊಳ್ಳೋಕೆ ಅನುಮೋದನೆ ಇರೋ 446ರ ಜೋಡಿ ಸಾಕು. ಆದ್ರೆ ಅದನ್ನ ಜೀವ ಉಳಿಸೋ ಸಾಧನ ಅಂದ್ಕೊಂಡು ಬೆಟ್ಟ ಹತ್ತಬೇಡಿ. ಕೈಲಿ ರೇಡಿಯೊ ಇದೆ ಅನ್ನೋ ಧೈರ್ಯದಲ್ಲಿ ಗುಂಪು ಎರಡಾಗಿ ಒಡೆಯುತ್ತೆ, ಬಿಡಬಾರದವರನ್ನ ಹಿಂದೆ ಬಿಟ್ಟು ಬರ್ತಾರೆ. ಏಣು ದಾಟಿದ ಮೇಲೆ ಸೆಟ್ಟು ಮೌನ. ನನಗೆ ಭಯ ಇರೋದು ಅದರ ಬಗ್ಗೆ, ದಂಡದ ಬಗ್ಗೆ ಅಲ್ಲ. ಅರಣ್ಯ ಇಲಾಖೆಯ ಗೇಟಿನಲ್ಲಿ ನಿಜವಾದ ಹೆಸರು, ನಿಜವಾದ ಸಂಖ್ಯೆ ಬರೆಸಿ. ಎಷ್ಟೊತ್ತಿಗೆ ವಾಪಸ್ಸು ಅಂತ ಮನೇಲಿ ಹೇಳಿ. ಕುತ್ತಿಗೆಗೆ ಒಂದು ಸೀಟಿ ಹಾಕಿಕೊಳ್ಳಿ, ಅದಕ್ಕೆ ಬ್ಯಾಟರಿ ಬೇಡ. ಫೋನ್ ಏರ್‌ಪ್ಲೇನ್ ಮೋಡಿನಲ್ಲಿಡಿ, ಇಲ್ಲದಿದ್ರೆ ಟವರ್ ಹುಡುಕೀ ಹುಡುಕೀ ಮಧ್ಯಾಹ್ನಕ್ಕೆ ಬ್ಯಾಟರಿ ಖಾಲಿ. ಎತ್ತರಕ್ಕೆ ಬಂದಾಗ ಆನ್ ಮಾಡಿ 112 ಪ್ರಯತ್ನಿಸಿ. ಕರೆ ನಿಲ್ಲದಷ್ಟು ಸಣ್ಣ ಸಿಗ್ನಲ್‌ನಲ್ಲೂ ಒಂದು ಎಸ್‌ಎಂಎಸ್ ದಾಟಿಹೋಗಬಹುದು.

ಕೊನೆಗೆ ಹೋಮ್‌ಸ್ಟೇಯವರ ಪ್ರಶ್ನೆ ಉಳೀತು. ಹ್ಯಾಮ್ ಲೈಸೆನ್ಸ್ ತಗೊಂಡು ಎಸ್ಟೇಟ್ ಕೆಲಸಕ್ಕೆ, ಅತಿಥಿಗಳ ಊಟ ತಿಂಡಿ ಹೇಳೋಕೆ ಬಳಸಬಹುದಾ ಅಂತ. ಆಗಲ್ಲ. ಹವ್ಯಾಸಿ ಬ್ಯಾಂಡಿನಲ್ಲಿ ವ್ಯಾಪಾರದ ಮಾತು ಆಡೋ ಹಾಗಿಲ್ಲ, ಹಾಡು ಹಾಕೋ ಹಾಗಿಲ್ಲ, ಗುಟ್ಟಿನ ಸಂಕೇತ ಭಾಷೆಯಲ್ಲಿ ಮಾತಾಡೋ ಹಾಗೂ ಇಲ್ಲ. ಯಾರು ಬೇಕಾದ್ರೂ ಕೇಳಿಸಿಕೊಳ್ಳೋ ಹಾಗೆ, ಕರೆಗುರುತು ಹೇಳಿಯೇ ಮಾತಾಡಬೇಕು. ತೋಟದ ಒಳಗೆ ಹತ್ತಿರದ ಮಾತಿಗೆ 446 ಸೆಟ್ಟು ನೋಡಿ. ಅದು ಸಾಲದು ಅಂದ್ರೆ ಸಂಸ್ಥೆಯ ಹೆಸರಲ್ಲಿ ಫ್ರೀಕ್ವೆನ್ಸಿಗೆ ಅರ್ಜಿ ಹಾಕಿ, ಸ್ವಲ್ಪ ಖರ್ಚು, ಸ್ವಲ್ಪ ಓಡಾಟ. ಆದ್ರೆ ನಿಮ್ಮ ಮನೇಲಿ 12 ದಾಟಿದ ಮಗಳೋ ಮಗನೋ ಇದ್ರೆ ಅವರ ಹೆಸರಲ್ಲಿ ಹ್ಯಾಮ್ ಪರೀಕ್ಷೆಗೆ ಅರ್ಜಿ ಹಾಕಿಸಿ. ಅಷ್ಟು ಎತ್ತರದ ಮನೆ, ಅಷ್ಟೊಂದು ಸಿಲ್ವರ್ ಓಕ್ ಮರ, ಆಂಟೆನಾ ಕಟ್ಟೋಕೆ ಅದಕ್ಕಿಂತ ಒಳ್ಳೆ ಜಾಗ ಬೆಂಗಳೂರಿನ ನಮಗೆ ಕನಸಲ್ಲೂ ಸಿಗಲ್ಲ.

ಮುಂದಿನ ವಾರ ಸಿಗೋಣ. 73.